ಡಬ್ಬದ ಹಿಂದಿನ ಹಿಡಿಕೆ

ನಮ್ಮ ದಾಂಪತ್ಯದ ಮಾತುಕತೆ ಹೆಚ್ಚಾಗಿ ನಡೆದದ್ದು ಒಂದು ಕಕ್ಕಸಿನ ಡಬ್ಬದ ಎರಡು ತುದಿಗಳಲ್ಲಿ ಎಂದರೆ ನೀವು ಮೂಗು ಮುಚ್ಚಿಕೊಳ್ಳಬಾರದು. ನಮ್ಮ ಯಜಮಾನರು ನರಸಿಂಹರಾಜಪುರದ ಹತ್ತಿರ, ಭದ್ರಾ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿ ಇಟ್ಟಿದ್ದರು. ದೋಣಿಯ ಮೂಲೆಯಲ್ಲೊಂದು ಪುಟ್ಟ ಕಕ್ಕಸು. ಅದರಡಿಯಲ್ಲಿ ಬಿಗಿ ಮುಚ್ಚಳದ, ಎರಡು ಹಿಡಿಕೆಯ ಪ್ಲಾಸ್ಟಿಕ್ ಡಬ್ಬ.

ನಮ್ಮ ಹಿರಿಯರು ಈ ಕೆಲಸಕ್ಕೆ "ಹೊರಗೆ ಹೋಗಿ ಬರ್ತೀನಿ" ಎನ್ನುತ್ತಿದ್ದರು. ಹೊರಗೆ ಎಂದರೆ ಗುಡ್ಡ, ಪೊದೆ. ದೋಣಿಯಲ್ಲಿ ಕೂತವರಿಗೆ ಹೊರಗೆ ಎಂದರೆ ನೀರೇ. ಅದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ ಎಂದು ಇವರು ಒಂದು ಚೊಂಬಿನಷ್ಟನ್ನೂ ಅದಕ್ಕೆ ಚೆಲ್ಲಲು ಬಿಡುತ್ತಿರಲಿಲ್ಲ. ಸಂಜೆ ಜನ ಇಳಿದ ಮೇಲೆ ನಾವಿಬ್ಬರೇ ಡಬ್ಬ ಹೊತ್ತು ದಿಬ್ಬ ಹತ್ತಿ, ಮನೆ ಹಿಂದಿನ ಸೆಪ್ಟಿಕ್ ಗುಂಡಿಗೆ ಸುರಿಯಬೇಕು. ಮಳೆಗಾಲದಲ್ಲಿ ನೀರು ದಿಬ್ಬದ ಬುಡಕ್ಕೇ ಬರುತ್ತದೆ. ಬೇಸಿಗೆಯಲ್ಲಿ ಅದು ಹಿಂದೆ ಸರಿದರೆ ದಾರಿ ಉದ್ದ, ನಮ್ಮ ಜಗಳವೂ ಉದ್ದ.

ನಾನು ಮುಂದೆ, ಅವರು ಹಿಂದೆ. "ಪೂರ್ತಿ ಭಾರ ನನ್ನ ಮೇಲೇ ಬಿಟ್ಟು ನೀವು ಕೊಕ್ಕರೆ ನೋಡ್ಕೊಂಡು ಬರ್ತೀರಿ" ಎಂದು ನಾನು ಬೈಯುತ್ತಿದ್ದೆ.

"ಹೌದೇ ಮಾರಾಯ್ತಿ. ನೀನು ಮುಂದೆ ನೋಡ್ಕೊಂಡು ನಡಿ."

ಅವರು ತೀರಿಕೊಂಡು ಮೂರು ತಿಂಗಳಿಗೆ ದೋಣಿ ಮತ್ತೆ ನೀರಿಗಿಳಿಯಿತು. ಅದನ್ನು ನಡೆಸಲು ಕಡಹಿನಬೈಲಿನಿಂದ ಮೈದುನ ಬಂದ. ಮೊದಲ ಸಂಜೆ ಜನರನ್ನು ಇಳಿಸಿದವನು, ನಾನಿನ್ನೂ ಒಳಗಿದ್ದಂತೆಯೇ, ದೋಣಿಯನ್ನು ಮತ್ತೆ ನಡುನೀರಿಗೆ ಒಯ್ದು ಇಂಜಿನ್ ನಿಲ್ಲಿಸಿದ.

"ಅತ್ತಿಗೆ, ಅದನ್ನು ಇಲ್ಲೇ ಬಗ್ಗಿಸಿಬಿಡಿ. ಇಷ್ಟು ದೊಡ್ಡ ನೀರು, ಯಾರಿಗೆ ಗೊತ್ತಾಗುತ್ತೆ? ನಾನಂತೂ ಅದಕ್ಕೆ ಕೈ ಹಾಕಲ್ಲ."

ಸುಳ್ಳೇಕೆ, ನನಗೂ ಹೌದೆನಿಸಿತು. ಮನೆಯಲ್ಲಿ ಕಾಯುವವರಿಲ್ಲ, ಕೇಳುವವರಿಲ್ಲ. ಒಬ್ಬಳೇ ಆ ದಿಬ್ಬ ಹತ್ತುವುದನ್ನು ನೆನೆದೇ ಸುಸ್ತಾಯಿತು. ಮುಚ್ಚಳವನ್ನು ಎರಡು ಸುತ್ತು ತಿರುಗಿಸಿಯೂ ಬಿಟ್ಟೆ. ಆಮೇಲೆ ನೀರು ನೋಡಿದೆ.

"ನಿಮ್ಮಣ್ಣನ ಬೂದಿ ಬಿಟ್ಟಿದ್ದು ಇಲ್ಲೇ ಅಲ್ವೇನೋ?" ಎಂದೆ.

ಅವನು ಇಂಜಿನ್ ಚಾಲೂ ಮಾಡಿದ, ನಾನು ಮುಚ್ಚಳವನ್ನು ಮತ್ತೆ ಬಿಗಿದೆ. ದೋಣಿಯನ್ನು ದಡಕ್ಕೆ ತಂದು ಕಟ್ಟಿದ. ಮೂಗಿಗೆ ಟವೆಲ್ ಬಿಗಿದುಕೊಂಡು ಬಂದು, ಮುಂದಿನ ಹಿಡಿಕೆಗೆ ಎರಡು ಬೆರಳು ಹಾಕಿದ. ಉಳಿದದ್ದು ಹಿಂದಿನದು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಿಡಿಯದಿದ್ದದ್ದು.

ದಿಬ್ಬ ಶುರುವಾದದ್ದೇ, ಒಳಗಿದ್ದದ್ದೆಲ್ಲ ಹಿಂದಕ್ಕೆ ಜಾರಿ ನನ್ನ ಕಡೆ ಬಂತು. ಭುಜ ಕಿತ್ತುಬರುವಂತಾಯಿತು. ಕೊಕ್ಕರೆ ನೋಡುವುದಿರಲಿ, ಕಾಲಕೆಳಗಿನ ಕಲ್ಲೂ ಕಾಣಿಸಲಿಲ್ಲ. ಈ ತುದಿಯಲ್ಲಿದ್ದ ಮನುಷ್ಯ ಒಂದು ದಿನವಾದರೂ ನನಗೆ ತಿರುಗಿ ಹೇಳಬಹುದಿತ್ತು.

ಅರ್ಧ ದಾರಿಯಲ್ಲಿ ಮೈದುನ ಟವೆಲ್ಲಿನೊಳಗಿಂದಲೇ ಗೊಣಗಿದ: "ಎಂತ ಅತ್ತಿಗೆ, ಪೂರ್ತಿ ಭಾರ ನನ್ನ ಮೇಲೇ ಬಿಟ್ಟಿದ್ದೀರಲ್ಲ!"

ನಾನು ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಹೌದೋ ಮಾರಾಯ" ಎಂದೆ. "ನೀನು ಮುಂದೆ ನೋಡ್ಕೊಂಡು ನಡಿ."