ಅಪ್ಪನ ನಾಡಿ, ಗಗನಯಾತ್ರಿಯ ಪಾಠ

ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುವ ನನಗೆ ಒಂದು ಕೆಟ್ಟ ಚಾಳಿಯಿದೆ, ಮನೆಯವರನ್ನೆಲ್ಲ ಪಾಠದ ಉದಾಹರಣೆ ಮಾಡಿಕೊಳ್ಳುವುದು. ಹೋದ ವರ್ಷ ಅಪ್ಪನನ್ನು ಗಗನಯಾತ್ರಿ ಮಾಡಿದ್ದೆ.

ಅಪ್ಪ ಬೆಸಗರಹಳ್ಳಿ ಕಡೆಯ ನಮ್ಮೂರ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಕುದಿಯುವ ಕಬ್ಬಿನ ಹಾಲನ್ನು ಯಾವಾಗ ಇಳಿಸಬೇಕೆಂದು ಅವನು ಹೇಳಿದರೆ ಮುಗಿಯಿತು. ಎರಡು ಸಲ ತಲೆ ಸುತ್ತಿ ಕೂತುಬಿಟ್ಟಿದ್ದ. ಮಂಡ್ಯದ ಡಾಕ್ಟರು, "ಮೂರು ವಾರ ನಾಡಿ ನೋಡೋಣ, ಏರುಪೇರಿದ್ದರೆ ಒಲೆ ಮುಂದಿನ ಕೆಲಸ ಬಿಡಿಸಬೇಕು" ಅಂದರು. ಅಪ್ಪನಿಗೆ ಅದು ಊಟ ಬಿಡು ಅಂದಷ್ಟೇ ಕಷ್ಟದ ಮಾತು. ನಾಡಿಯನ್ನೂ ಹೆಜ್ಜೆಯನ್ನೂ ಎಣಿಸುವ, ಸಿಮ್ ಇರುವ ವಾಚೊಂದನ್ನು ತಂದು ಅವನ ಕೈಗೆ ಕಟ್ಟಿದೆ. ಗೊಣಗಿದಾಗ, ಬಾಹ್ಯಾಕಾಶಕ್ಕೆ ಹೋಗುವವರೂ ಇಂಥದ್ದು ಹಾಕಿಕೊಳ್ಳುತ್ತಾರೆ, ಅವರ ಎದೆಬಡಿತ ಭೂಮಿಯಲ್ಲಿ ಕೂತ ಡಾಕ್ಟರಿಗೆ ಕಾಣುತ್ತದೆ ಎಂದು ಪುಸಲಾಯಿಸಿದೆ.

"ಅವ್ರು ಮ್ಯಾಲೋಗೋರು ಕಣ್ಲಾ. ನಾನಿನ್ನೂ ಇಲ್ಲೇ ಇವ್ನಿ" ಅಂದ.

ಅಲ್ಲಿಂದ ನನ್ನ ಗತ್ತೇ ಗತ್ತು. ಮಂಡ್ಯದ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ಅಪ್ಪನ ನಾಡಿ ನೋಡಿದ್ದೇ ನೋಡಿದ್ದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಇಡೀ ದಿನ ನಡಿಗೆ. ಎದುರು ಬೀದಿಗೂ ಮೊಪೆಡ್ ಹತ್ತುವ ಮನುಷ್ಯ ಹೀಗೆ ನಡೆಯುವುದು ಕಂಡು ನನಗೆ ಅನುಮಾನ ಬರಲಿಲ್ಲ, ಹೆಮ್ಮೆ ಬಂತು. ವಿಜ್ಞಾನ ಓದಿದ್ದಕ್ಕೂ ಸಾರ್ಥಕ.

ಮೂರನೆಯ ವಾರ ಗಗನಯಾತ್ರಿಗಳ ಆರೋಗ್ಯದ ಪಾಠ. ಎದೆಬಡಿತ, ಉಸಿರು, ಮೈಬಿಸಿ ಎಲ್ಲವನ್ನೂ ಅಳೆಯುವ ಅವರ ಅಂಗಿಯ ಚಿತ್ರ ತೋರಿಸಿದೆ. ಆಮೇಲೆ ಫೋನನ್ನು ಪರದೆಗೆ ಜೋಡಿಸಿದೆ. ನಾಡಿ ಎಪ್ಪತ್ತೆರಡು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಅಪ್ಪನಿಗೆ ಫೋನು ಮಾಡಿದೆ.

"ಎಲ್ಲಿದ್ದೀಯಪ್ಪ?"

"ಆಲೆಮನೇಲಿ. ಕೊಪ್ಪರಿಗೆ ಮುಂದೆ."

"ಬೆಂಕಿ ಮುಂದೆ ನಿಂತರೂ ನಿನ್ನ ನಾಡಿ ಎಷ್ಟು ಚೆನ್ನಾಗದೆ."

"ವಾಚು ನನ್ ಕೈಲಿ ಎಲ್ಲೈತ್ಲಾ? ಪಾಕ ನೋಡೋ ಕೈಲಿ ಏನೂ ಇರ್ಬಾರ್ದು. ನಮ್ಮಪ್ಪ ಉಂಗ್ರಾನೂ ಬುಚ್ಚಿಟ್ಟು ಬತ್ತಿದ್ದ. ನಿಮ್ಮವ್ವನ ಕೈಗೆ ಕಟ್ಟಿವ್ನಿ. ಸುಮ್ಕೆ ಬುಚ್ಚಿಟ್ರೆ ನಿಂತೋಯ್ತದೆ, ನೀನು ಗಾಬ್ರಿ ಬೀಳ್ತೀಯ ಅಂತ."

"ಯಾವತ್ತಿಂದ?"

"ನೀನು ಕಟ್ಬುಟ್ಟು ಓದ ಮಾರ್ನೇ ದಿನದಿಂದ."

ಹುಡುಗರು ಬೆಂಚು ಬಡಿದು ನಕ್ಕರು. ನಾನು ಸ್ಪೀಕರ್ ಆರಿಸಿದೆ. ಈಚೆಗೆ ತಲೆ ಸುತ್ತಿತ್ತಾ ಎಂದು ಕೇಳಿದೆ. "ಒಲೆ ಮುಂದೆ ಒಂದೆರಡು ಸಲ" ಅಂದ, ಯಾರದೋ ಸುದ್ದಿ ಹೇಳುವವನಂತೆ.

ಮರುದಿನ ಡಾಕ್ಟರು ಅಂಗಿಯೊಳಗೆ ಎದೆಗೆ ಕಟ್ಟುವ ಪಟ್ಟಿ ಕೊಟ್ಟರು. ಕೈ ಬರಿದಾಗಿರುತ್ತದೆ ಎಂದ ಮೇಲೆ ಅಪ್ಪ ಒಪ್ಪಿದ. ಬೆಂಕಿಯ ಹತ್ತಿರ ಹೋದಾಗಲೆಲ್ಲ ನಾಡಿ ತಪ್ಪುತ್ತಿದ್ದದ್ದು ಅದರಲ್ಲಿ ಕಂಡಿತು. ಈಗ ಅವನು ಮಾತ್ರೆ ನುಂಗಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಬೇರೆಯವರು ಪಾಕ ತಂದು ತೋರಿಸುತ್ತಾರೆ, ಅವನು ಅವರನ್ನೆಲ್ಲ ಬಯ್ಯುತ್ತಾನೆ.

ಆ ಪಟ್ಟಿ ಕಟ್ಟಿದ ಸಂಜೆ ಅವ್ವನ ಕೈಯಿಂದ ವಾಚು ಬಿಚ್ಚಲು ಹೋದೆ.

"ಅಂಗಾರೆ ಇಷ್ಟ್ ದಿನ ನೀನು ನೋಡಿದ್ದು ನಂದಾ? ಎಂಗೈತಪ್ಪ?" ಅಂದಳು.

ನಾಲ್ಕೂವರೆಗೆ ಏಳುತ್ತಿದ್ದವಳು, ಇಡೀ ದಿನ ಕೂರದವಳು ಅವ್ವ. ಅಪ್ಪನದೆಂದು ನಾನು ಊರೆಲ್ಲ ಹೊಗಳಿದ್ದು ಅವಳ ಎದೆಬಡಿತವನ್ನು. ನಿನ್ನ ಆರೋಗ್ಯ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. "ಚೆನ್ನಾಗದೆ ಅವ್ವ" ಅಂದೆ.

ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಇನ್ನೊಂದಷ್ಟ್ ದಿನ ಇರ್ಲಿ ಬುಡು. ನೀನು ನೋಡ್ತಿರ್ತೀಯಲ್ಲ."