ಕಳ್ಳಿ ಕಂಡುಹಿಡಿದ ಜೋಡಿ ಪಟ್ಟು

ಕಣ್ಣೆದುರಿನ ಬೆಳಕು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಿದರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಇದೇನು ಗುಟ್ಟಲ್ಲ. ವೈದ್ಯರಿಗೆ ಗೊತ್ತು, ವಿಡಿಯೋ ಗೇಮ್ ಮಾಡುವವರಿಗೂ ಚೆನ್ನಾಗಿ ಗೊತ್ತು. ನಿಮಗಿನ್ನೂ ಗೊತ್ತಿಲ್ಲವೆಂದರೆ, ಹೇಳಬೇಕಾದವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಎಂದರ್ಥ.

ಬೀಗ ಹಾಕಿಕೊಳ್ಳದ ಒಬ್ಬಳಿದ್ದಾಳೆ. ಅವಳ ಜೊತೆ ಕೆಲಸ ಮಾಡಿದವರು ಅವಳನ್ನು ‘ಕಳ್ಳಿ’ ಎನ್ನುತ್ತಿದ್ದರು. ನಲವತ್ತೊಂದು ವರ್ಷ, ಮದುವೆಯಿಲ್ಲ, ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ವಾಸ. ಗೇಮ್ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಆಡಿ, ಕೆಡಿಸಿ, ಎಲ್ಲಿ ಕೆಟ್ಟಿತೆಂದು ಬರೆದುಕೊಡುವುದು ಅವಳ ಕೆಲಸವಾಗಿತ್ತು. “ಆಟ ಆಡೋಕೆ ಸಂಬಳನಾ? ಪುಣ್ಯ ಮಾಡಿದೀಯ ಕಣೆ!” ಎಂದವರೇ ಎಲ್ಲ. ಪರದೆಯ ಗೊಂಬೆಯ ಮೊಣಕೈ ಗೋಡೆಯೊಳಗೆ ತೂರುತ್ತದೆಯೇ ಎಂದು ನೋಡಲು ಒಂದೇ ಗೋಡೆಗೆ ದಿನಕ್ಕೆ ನಾನೂರು ಸಲ ಡಿಕ್ಕಿ ಹೊಡೆಯುವ ಪುಣ್ಯ ಅದು. ಎಂಟು ವರ್ಷ ಮಾಡಿದಳು.

ಎರಡನೇ ಮಹಡಿಯ ಕೋಣೆ, ಇಪ್ಪತ್ತೆರಡು ಮೇಜು. ಪರದೆಗಳ ಮೇಲೆ ಬಿಸಿಲು ಬೀಳದಿರಲೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಒಳಗೆ ಕೂತವರಿಗೆ ಹೊರಗೆ ಮಳೆಯೋ ಬಿಸಿಲೋ ತಿಳಿಯುತ್ತಿರಲಿಲ್ಲ. ಅವಳ ಕೈಗೆ ಕೊನೆಯದಾಗಿ ಬಂದದ್ದು ಅರಮನೆಗೆ ಕನ್ನ ಹಾಕುವ ಗೇಮ್. ಎದುರು ಮೇಜಿನವನು ಅದರಲ್ಲಿ ಕಾವಲುಗಾರನಾಗಿ ಆಡುತ್ತಿದ್ದ. ಅವನ ಹೆಸರೂ ಹಾಗೇ ‘ಕಾವಲು’ ಆಯಿತು. ಇವಳು ಕದಿಯಬೇಕು, ಅವನು ಹಿಡಿಯಬೇಕು.

ಗೇಮಿನ ಕಳ್ಳಿಗೆ ಎರಡು ವಿದ್ಯೆ. ಒಂದು, ಅಡಗುವುದು: ಪರದೆ ಕಪ್ಪಾಗುತ್ತದೆ, ಯಾರಿಗೂ ಕಾಣುವುದಿಲ್ಲ. ಇನ್ನೊಂದು, ಧೂಳೆರಚುವುದು: ಪರದೆಯೆಲ್ಲ ಒಮ್ಮೆ ಬೆಳ್ಳಗೆ ಮಿಂಚುತ್ತದೆ, ನಾಲ್ಕು ಎಣಿಸುವವರೆಗೆ ಕಾವಲುಗಾರನಿಗೆ ಕಣ್ಣಿಲ್ಲ. ಆದರೆ ಅಡಗಿದ್ದಾಗ ಧೂಳೆರಚಿದರೆ ಅಡಗಿದ್ದು ಬಯಲಾಗುತ್ತದೆ, ಧೂಳಿನ ಚೀಲವೂ ಖಾಲಿ. ಒಂದು ಸಲ ಎರಚು, ಓಡಿಹೋಗು. ಗೇಮ್ ರೂಪಿಸಿದವರು ಎಣಿಸಿದ್ದು ಇಷ್ಟೇ.

ಪರೀಕ್ಷೆ ನಡೆಯುತ್ತಿದ್ದುದು ಪಟ್ಟಿಯ ಪ್ರಕಾರ. ಪಟ್ಟಿ ಬಿಟ್ಟು ಒಂದು ಮಾತಾಡದ ಮೇಲ್ವಿಚಾರಕನಿಗೆ ಎಲ್ಲರೂ ‘ಪಟ್ಟಿ ಸಾರ್’ ಎನ್ನುತ್ತಿದ್ದರು. ಅಡಗುವುದಕ್ಕೆ ಒಂದು ಸಾಲು, ಧೂಳಿಗೆ ಒಂದು ಸಾಲು. ಎರಡನ್ನೂ ಸೇರಿಸಿ ನೋಡಿ ಎನ್ನುವ ಸಾಲು ಎಂಟು ವರ್ಷದಲ್ಲಿ ಯಾವ ಗೇಮಿನ ಪಟ್ಟಿಯಲ್ಲೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಸೇರಿಸಿದಳು. ಧೂಳೆರಚಿ, ಕುರುಡಾದ ಕಾವಲುಗಾರನ ಎದುರಿಗೇ ನಿಂತು ಅಡಗಲು ನೋಡಿದಳು. ನೋಡುವ ಕಣ್ಣೇ ಇಲ್ಲದ ಮೇಲೆ ಅಡಗಲು ತಡವೇನು, ಥಟ್ಟನೆ ಮಾಯ. ಅಡಗಿದ ಕೂಡಲೇ ಖಾಲಿ ಚೀಲ ತಾನಾಗಿ ತುಂಬಿತು. ಮತ್ತೆ ಎರಚಿದಳು, ಮತ್ತೆ ಅಡಗಿದಳು. ಎರಡು ಬೆರಳು ನಿಲ್ಲದೆ ಆಡಿದರೆ ಕಾವಲಿನವನಿಗೆ ಕಣ್ಣು ಮರಳುವುದೇ ಇಲ್ಲ.

“ಏಯ್, ಎಲ್ಲಿ ಹೋದೆ? ಎದುರಿಗೇ ಇದ್ದೆಯಲ್ಲೇ!”

“ನಿನ್ನ ಮೂಗಿನ ಕೆಳಗೇ ಇದೀನಿ ಕಣೋ. ಕಾವಲು ಕಾಯೋ ಮುಖ ನೋಡು.”

“ನಿನ್ನ ಮನೆ ಹಾಳಾಗ! ಒಂದು ಸಲ ಕಣ್ಣು ಬಿಡೋಕಾದ್ರೂ ಬಿಡೇ!”

ಕೋಣೆಯೆಲ್ಲ ಬಂದು ಅವಳ ಬೆನ್ನ ಹಿಂದೆ ನಿಂತಿತು. ಪಟ್ಟಿ ಸಾರ್ ಬಂದ, ಅವನ ಮೇಲಿನವರು ಬಂದರು. ಇದೇ ಗೇಮಿನ ಜೀವ, ಆಡುವವರಿಗೆಲ್ಲ ಮೊದಲ ಪಾಠದಲ್ಲೇ ಕಲಿಸೋಣ ಎಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಅರಮನೆಯ ನಲವತ್ತು ಕೋಣೆಗಳಲ್ಲೂ ಈ ಪಟ್ಟನ್ನು ಆಡಿ ನೋಡಬೇಕು. ಯಾರು? ಕಂಡುಹಿಡಿದವಳೇ.

ಹನ್ನೊಂದು ದಿನ. ಎರಚು, ಅಡಗು. ಬಿಳಿ, ಕಪ್ಪು. ಅವಳ ಬೆರಳಿನ ವೇಗಕ್ಕೆ ಪರದೆ ಸೆಕೆಂಡಿಗೆ ನಾಲ್ಕು ಸಲ ಮಿಂಚುತ್ತಿತ್ತು. ನಾಲ್ಕನೇ ದಿನ ಎಡ ಹೆಬ್ಬೆರಳು ತಾನಾಗಿ ಅದುರಿತು. ಒಂಬತ್ತನೇ ದಿನ, “ಏನೋ ಸುಟ್ಟ ವಾಸನೆ ಬರ್ತಿಲ್ವಾ?” ಎಂದಳು. ಬೇರೆ ಯಾರಿಗೂ ಬರಲಿಲ್ಲ. “ನಿನ್ನ ಮೆದುಳೇ ಇರ್ಬೇಕು, ನೋಡ್ಕೋ” ಎಂದ ಕಾವಲು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಮಾತನ್ನು ನೆನೆದರೆ ಅವನಿಗೆ ಇವತ್ತಿಗೂ ಊಟ ಸೇರುವುದಿಲ್ಲ.

ಹನ್ನೊಂದನೇ ದಿನ ಬಿದ್ದಳು. ಕುರ್ಚಿ ಹಿಂದಕ್ಕೆ ಸರಿಯಿತು, ಮೇಜಿನ ಮೂಲೆ ಹಣೆಗೆ ಬಡಿಯಿತು, ಕಚ್ಚಿಕೊಂಡ ನಾಲಿಗೆಯಿಂದ ರಕ್ತ. ಸೆಟೆದು ಒದೆಯುವ ಕಾಲಿಗೆ ಕೆಳಗಿನ ವೈರುಗಳೆಲ್ಲ ಕಿತ್ತುಬಂದವು. ಓಡಿಬಂದ ಪಟ್ಟಿ ಸಾರ್ ಕೇಳಿದ ಮೊದಲ ಮಾತು: “ರೆಕಾರ್ಡಿಂಗ್ ಉಳೀತಾ?”

“ಈ ಗುಣ ನಿಮ್ಮಲ್ಲಿ ಮೊದಲೇ ಇತ್ತು, ಮಿಂಚೋ ಬೆಳಕು ಅದನ್ನ ಎಬ್ಬಿಸ್ತು” ಎಂದರು ವೈದ್ಯರು. ಕಂಪನಿ ಆ ಮಾತಿನ ಮೊದಲರ್ಧ ಹಿಡಿದುಕೊಂಡಿತು. ಅವಳು ಎರಡನೆಯದನ್ನು ಹಿಡಿದುಕೊಂಡಳು.

ವಾರದ ನಂತರ, ಹಣೆಯ ಹೊಲಿಗೆ ಬಿಚ್ಚುವ ಮೊದಲೇ ಕೆಲಸಕ್ಕೆ ಹೋಗಿ ದೋಷದ ವರದಿ ಬರೆದಳು: ‘ಎರಡು ವಿದ್ಯೆ ಜೋಡಿಸಿ ಆಡಿದರೆ ಪರದೆ ಸೆಕೆಂಡಿಗೆ ನಾಲ್ಕು ಸಲ ಮಿಂಚುತ್ತದೆ. ಆಡುವವರು ಬೀಳುತ್ತಾರೆ. ಬಿಳುಪನ್ನು ಬೂದು ಮಾಡಿ.’ ಸಾಲಿನ ಸಂಖ್ಯೆ ಹಾಕಿಲ್ಲವೆಂದು ವಾಪಸ್ ಬಂತು. ಧೂಳಿನ ಸಾಲಿನಡಿ ಬರೆದಳು. ಉತ್ತರ ಬಂತು: ‘ಧೂಳು ಒಂದೇ ಸಲ ಮಿಂಚುತ್ತದೆ. ದೋಷವಿಲ್ಲ.’ ಅಡಗುವ ಸಾಲಿನಡಿ ಬರೆದಳು. ಮತ್ತೆ ಉತ್ತರ: ‘ಅಡಗುವಾಗ ಬೆಳಕೇ ಇಲ್ಲ. ದೋಷವಿಲ್ಲ.’

ಪಟ್ಟಿ ಸಾರ್ ಬಳಿಗೇ ಹೋದಳು.

“ಬಿಳೀನ ಬೂದು ಮಾಡಿ ಸಾರ್, ಅಷ್ಟೇ. ಒಂದು ದಿನದ ಕೆಲಸ.”

“ಬೂದು ಮಾಡಿದ್ರೆ ಮಜಾ ಎಲ್ಲಿರುತ್ತಮ್ಮ? ಶುರುವಲ್ಲೇ ಎಚ್ಚರಿಕೆ ಹಾಕ್ತೀವಲ್ಲ.”

“ಆ ಎಚ್ಚರಿಕೆ ಎಷ್ಟು ಹೊತ್ತು ಇರುತ್ತೆ ಅಂತ ಪರೀಕ್ಷೆ ಮಾಡಿದೋಳೇ ನಾನು. ಎರಡು ಸೆಕೆಂಡು. ಗುಂಡಿ ಒತ್ತಿದ್ರೆ ಅದೂ ಇಲ್ಲ.”

“ನಿನಗೆ ಬಂತು ಅಂತ ಎಲ್ಲರಿಗೂ ಬರುತ್ತಾ?”

“ನನಗೆ ಬರುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ ಸಾರ್.”

ಅವನು ಪಟ್ಟಿಯ ಕೊನೆಯ ಹಾಳೆಯನ್ನು ಮುಂದೆ ತಳ್ಳಿದ. ಕಳ್ಳಿಯ ಭಾಗ ಸುರಕ್ಷಿತವೆಂದು ಅದರಲ್ಲಿ ಒಬ್ಬ ಪರೀಕ್ಷಕರ ಸಹಿ ಬೀಳದೆ ಗೇಮ್ ಹೊರಗೆ ಹೋಗುವಂತಿಲ್ಲ. “ಉಂಡ ಮನೆಗೆ ಎರಡು ಬಗೀಬೇಡ” ಎಂದ. ಅವಳು ಪೆನ್ನು ಮುಟ್ಟಲಿಲ್ಲ.

ಸಹಿ ಹಾಕಿದ್ದು ಕಾವಲು. ಮೆಟ್ಟಿಲ ಬಳಿ ಅವಳನ್ನು ತಡೆದು ನಿಲ್ಲಿಸಿದ.

“ಇನ್ನೇನು ಮಾಡ್ಲಿ ಹೇಳೇ? ನಾನು ಹಾಕದಿದ್ರೆ ಇನ್ನೊಬ್ಬ ಹಾಕ್ತಾನೆ. ಮನೇಲಿ ಇಬ್ಬರು ಹೆಣ್ಮಕ್ಕಳು ನಂಗೆ.”

“ಗೇಮ್ ಆಡ್ತಾರಾ?”

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು. ಪರದೆ ನೋಡಲಾಗದವಳು ಗೇಮ್ ಪರೀಕ್ಷಿಸುವುದು ಹೇಗೆ ಎಂಬುದು ಅವರು ಕೊಟ್ಟ ಕಾರಣ. ಕಣ್ಣು ಕಿತ್ತವರೇ ಕುರುಡಿಗೆ ಕೆಲಸವಿಲ್ಲ ಎನ್ನುವ ನ್ಯಾಯ.

ಈಗ ಅಕ್ಕ ಸಮವಸ್ತ್ರ ಹೊಲಿಯುತ್ತಾಳೆ, ಇವಳು ಗುಂಡಿ ಹಚ್ಚುತ್ತಾಳೆ. ಹೊಲಿಗೆ ಯಂತ್ರ ಮುಟ್ಟುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಬಸ್ಸು ಕಂಬಿಬೇಲಿಯ ಪಕ್ಕ ಓಡುವಾಗ ಕಂಬಿಗಳ ನಡುವಿನ ಬಿಸಿಲೂ ಮಿಂಚುತ್ತದೆ. ಆಗ ಎರಡೂ ಕಣ್ಣಿಗೆ ಬೆಳಕು ಬಡಿಯದಂತೆ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ತಲೆ ತಗ್ಗಿಸಿ ಕೂರುತ್ತಾಳೆ. ಬಚ್ಚಲ ಬಾಗಿಲಿನ ಒಳಚಿಲಕವನ್ನು ಅಕ್ಕ ಕಿತ್ತುಹಾಕಿದ್ದಾಳೆ. ಸ್ನಾನಕ್ಕಿಳಿದರೆ ಹೊರಗೆ ನಿಂತು, “ಮಾತಾಡ್ತಾ ಇರೇ, ಸುಮ್ಮನಾಗ್ಬೇಡ” ಎನ್ನುತ್ತಾಳೆ. ನಲವತ್ತೊಂದು ವರ್ಷದ ಹೆಂಗಸು ಮೈಮೇಲೆ ನೀರು ಸುರಿದುಕೊಳ್ಳುತ್ತ, ಬದುಕಿದ್ದೇನೆ ಎಂದು ತಿಳಿಸಲು ಏನೇನೋ ಮಾತಾಡಬೇಕು.

ಗೇಮ್ ಬಂದು ಐದು ತಿಂಗಳಾಯಿತು. ಮೊದಲ ಪಾಠವೇ ಜೋಡಿ ಪಟ್ಟು: ‘ಎರಚು, ಅಡಗು, ಬೆರಳು ನಿಲ್ಲಿಸಬೇಡ.’ ಬಿಳುಪು ಬಿಳುಪಾಗಿಯೇ ಇದೆ. ವಾರಕ್ಕೊಮ್ಮೆ ಅವಳು ಕಾವಲಿಗೆ ಫೋನು ಮಾಡಿ ಒಂದೇ ಮಾತು ಕೇಳುತ್ತಾಳೆ: “ಯಾರಾದ್ರೂ ಬಿದ್ರಾ?”

“ಗೊತ್ತಿಲ್ವೇ. ಅಂಥ ದೂರು ನಮ್ಮ ಕೋಣೆಗೆ ಬರಲ್ಲ.”

ಬಿದ್ದಿದ್ದಾರೆಯೇ ಎಂದು ಅವಳಿಗೆ ತಿಳಿಯದು, ನನಗೂ ತಿಳಿಯದು. ತಿಳಿದವರು ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾರೆ. ನೀವು ಮುಚ್ಚಬೇಡಿ. ಬಿಳುಪನ್ನು ಬೂದು ಮಾಡಿ ಎಂದು ಅವರಿಗೆ ಬರೆಯಿರಿ, ಮಾಡುವ ತನಕ ಬರೆಯುತ್ತಲೇ ಇರಿ. ಆದರೆ ಬರೆಯುವುದು ಆಮೇಲೆ. ನಿಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಪರದೆಯೊಂದು ಪಟಪಟನೆ ಬೆಳ್ಳಗೆ ಮಿಂಚುತ್ತಿದ್ದರೆ, ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ ಆರಿಸಿ. ಈಗಲೇ.