ಜರ್ಮನಿ ಮನೆಯ ಅಳಿಯ

ಜಿದ್ದಾ ಬಳಿಯ ರಾಬಿಗ್‌ನ ಇದಿನಬ್ಬನವರು ಬೂಫಿಯಾ ನಡೆಸುತ್ತಾರೆ ಎಂದು ಯಾರಾದರೂ ಹೇಳಿದರೆ ಅವರಿಗೆ ಅಷ್ಟು ಹಿಡಿಸುವುದಿಲ್ಲ. ಚಹಾ, ಪರಾಟ, ಆಮ್ಲೆಟ್ ಮಾರುವ ಆ ಸಣ್ಣ ಅಂಗಡಿ ಅವರ ಪ್ರಕಾರ ಹೊಟ್ಟೆಪಾಡು ಮಾತ್ರ. ಅವರ ನಿಜವಾದ ಕೆಲಸ ಸಂಬಂಧ ಹೇಳುವುದು. ಉಳ್ಳಾಲದಿಂದ ಉಪ್ಪಿನಂಗಡಿಯವರೆಗೆ ಯಾವ ಊರಿನ ಬ್ಯಾರಿ ಬಂದು ಬೆಂಚಿನ ಮೇಲೆ ಕುಳಿತರೂ ಸರಿ, ಅವನ ಮುಂದೆ ಚಹಾ ಬರುವಷ್ಟರಲ್ಲಿ ಪಕ್ಕದಲ್ಲಿ ಕುಳಿತವನು ಅವನಿಗೆ ಏನಾಗಬೇಕು ಎಂಬುದು ಇತ್ಯರ್ಥವಾಗಿರುತ್ತದೆ.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ತಾಯಿಯ ಮನೆ ಎಲ್ಲಿ?"

ಅಪ್ಪನ ಹೆಸರು ಹೇಳಲು ಹೊರಟವರನ್ನು ಅವರು ಅಲ್ಲಿಗೇ ತಡೆಯುತ್ತಾರೆ. "ಅದನ್ನು ಪಾಸ್‌ಪೋರ್ಟ್ ಆಫೀಸಿನಲ್ಲಿ ಹೇಳು, ಇಲ್ಲಿ ಬೇಡ."

ಇದು ಬರೀ ಹರಟೆಯಲ್ಲ. ಒಮ್ಮೆ ನಿಶ್ಚಯವಾಗಿದ್ದ ಮದುವೆಯೊಂದನ್ನು ಅವರು ಇಲ್ಲಿಂದಲೇ ನಿಲ್ಲಿಸಿದ್ದರು. ಹುಡುಗನೂ ಹುಡುಗಿಯ ತಾಯಿಯೂ ಹಸುಳೆಗಳಾಗಿದ್ದಾಗ ಒಬ್ಬಳೇ ಹೆಂಗಸಿನ ಎದೆಹಾಲು ಕುಡಿದವರು, ಹಾಗಾಗಿ ಹುಡುಗಿ ಅವನಿಗೆ, ಇಸ್ಲಾಮಿನಲ್ಲಿ ಮದುವೆಯಾಗಲು ಕೂಡದ, ಅಕ್ಕನ ಮಗಳಾಗುತ್ತಾಳೆ ಎಂಬುದು ಎರಡೂ ಮನೆಯವರಿಗೆ ಮರೆತುಹೋಗಿತ್ತು. ಇದಿನಬ್ಬನವರಿಗೆ ಮರೆತಿರಲಿಲ್ಲ. ಅಂದಿನಿಂದ ಊರಿನಲ್ಲಿ ಹೆಣ್ಣು ನೋಡಿ ಬಂದವರು ಕೂಡ ರಾಬಿಗ್‌ಗೆ ಒಂದು ಫೋನ್ ಮಾಡದೆ ಮುಂದಿನ ಮಾತು ಆಡುತ್ತಿರಲಿಲ್ಲ. ಇದಿನಬ್ಬನವರ ನಡಿಗೆಯೂ ಅಂದಿನಿಂದಲೇ ಸ್ವಲ್ಪ ನಿಧಾನವಾಯಿತು.

ಬ್ರೆಂಡ್ಲೆ ಎಂಬ ಜರ್ಮನ್ ಎಂಜಿನಿಯರರನ್ನು ಅಂಗಡಿಗೆ ಕರೆತಂದವನು ರಝಾಕ್. ರಿಫೈನರಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಅಂಗಡಿಗೆ ದಿನಾ ಬರುವವನು. ಇದಿನಬ್ಬನವರನ್ನು ಕೆಣಕದೆ ಅವನಿಗೆ ಚಹಾ ಇಳಿಯುವುದಿಲ್ಲ. ಬ್ರೆಂಡ್ಲೆ ನಿವೃತ್ತರಾಗಿ ಆ ತಿಂಗಳ ಕೊನೆಗೆ ಊರಿಗೆ ಹೊರಡುವವರಿದ್ದರು. ಅಲ್ಲಿ ಬೇಸಗೆಯಲ್ಲಿ ಇಡೀ ಕುಟುಂಬವನ್ನು ಒಟ್ಟು ಸೇರಿಸುವ ಯೋಜನೆ ಹಾಕಿದ್ದರು. ಬ್ರೆಜಿಲ್‌ನಲ್ಲಿ ಹಂದಿ ಸಾಕುವ ಕವಲು ಸಿಕ್ಕಿತ್ತು, ನಮೀಬಿಯಾದ ಕವಲು ಸಿಕ್ಕಿತ್ತು, ಟೆಕ್ಸಾಸ್‌ನದೂ ಸಿಕ್ಕಿತ್ತು. ಸಿಗದೆ ಉಳಿದದ್ದು ಒಂದೇ, ಅಜ್ಜನ ಅಕ್ಕ ಫ್ರೀಡಾಳದು. ಅವಳ ತಂದೆ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅವಳು ಅಲ್ಲಿಯ ಒಬ್ಬ ಕ್ರೈಸ್ತನನ್ನು ಮದುವೆಯಾದಳು. ಮನೆಯವರು ಅವಳ ಹೆಸರೆತ್ತುವುದನ್ನೇ ಬಿಟ್ಟರು.

"ತಾಯಿಯ ಮನೆ ಎಲ್ಲಿಯಂತೆ?" ಎಂದರು ಇದಿನಬ್ಬ.

ರಝಾಕ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಉತ್ತರವಾಗಿ ಬ್ರೆಂಡ್ಲೆ ಎರಡು ಮೇಜುಗಳನ್ನು ಸೇರಿಸಿ ಉದ್ದನೆಯ ವಂಶವೃಕ್ಷವೊಂದನ್ನು ಹಾಸಿದರು. ಇದಿನಬ್ಬನವರು ಕನ್ನಡಕ ಹಾಕಿ, ಅರ್ಥವಾಗದ ಲಿಪಿಯನ್ನು ಬಹಳ ಹೊತ್ತು ಪರಿಶೀಲಿಸಿದರು.

"ಇದರಲ್ಲಿ ಹೆಂಗಸರದ್ದು ಎಂತ ಇಲ್ಲವಾ?"

"ಹೆಸರು ಉಂಟು. ಮದುವೆ ಆಯ್ತು ಅಂತ ಉಂಟು. ಮತ್ತೆ ಎಂತ ಇಲ್ಲ ಇದಿನಬ್ಬಾಕ."

"ಇದು ಕುಟುಂಬ ಅಲ್ಲ ಮಾರಾಯ, ಗಡ್ಡದ ಮೆರವಣಿಗೆ."

ರಝಾಕ್ ಅದನ್ನು ಹಾಗೆಯೇ ಅನುವಾದಿಸಿದ. ಬ್ರೆಂಡ್ಲೆ ಯೋಚಿಸಿ, ಹೌದು, ಅದು ನ್ಯಾಯವಾದ ಟೀಕೆ ಎಂದರು. ಆ ವಿನಯವೇ ಇದಿನಬ್ಬನವರಿಗೆ ನೆತ್ತಿಗೇರಿರಬೇಕು.

"ಇವರು ವಿಮಾನ ಹತ್ತುವ ಮೊದಲು ಫ್ರೀಡಾಳ ಮಕ್ಕಳುಮರಿಯನ್ನು ತೋರಿಸ್ತೇನೆ. ತೋರಿಸದಿದ್ದರೆ ಈ ಇದಿನಬ್ಬ ಇನ್ನು ಯಾರ ಸಂಬಂಧವನ್ನೂ ಹೇಳುವುದಿಲ್ಲ."

"ಎಲ್ಲರೂ ಕೇಳಿದ್ರಲ್ಲಾ?" ಎಂದು ರಝಾಕ್ ಬೆಂಚಿನವರತ್ತ ತಿರುಗಿದ.

ಇದಿನಬ್ಬನವರ ತರ್ಕ ಸರಳವಾಗಿತ್ತು. ಅವರ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯಾದ ಹೆಣ್ಣು ತಾಯಿಯ ಮನೆ ಬಿಟ್ಟು ಕದಲುತ್ತಿರಲಿಲ್ಲ, ಬರಬೇಕಾದವನು ಗಂಡ. ಇದಿನಬ್ಬನವರೂ ಹಾಗೆ ಬಂದ ಅಳಿಯನೇ. ಎಂದಮೇಲೆ ಫ್ರೀಡಾ ಅಪ್ಪನ ಬಂಗಲೆಯಲ್ಲಿಯೇ ಇರಬೇಕು, ಗಂಡ ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೇ ಬಂದಿರಬೇಕು. ಬಂಗಲೆ ಸಿಕ್ಕಿದರೆ ಮೊಮ್ಮಕ್ಕಳು ಸಿಕ್ಕಿದ ಹಾಗೆಯೇ.

ಬಂಗಲೆ ಬಹಳ ಬೇಗ ಸಿಕ್ಕಿತು. ಹತ್ತಾರು ವಾಯ್ಸ್ ಮೆಸೇಜುಗಳ ಆಚೆ, ಮಂಗಳೂರಿನ ಜೆಪ್ಪುವಿನಲ್ಲಿ ಈಗಲೂ 'ಜರ್ಮನಿ ಮನೆ' ಎನಿಸಿಕೊಳ್ಳುವ ಒಂದು ಹಳೆಯ ಮನೆ. ಇನ್ನೂ ದೊಡ್ಡ ಭಾಗ್ಯವೆಂದರೆ, ಆ ಮನೆಯ ಹುಡುಗನೊಬ್ಬ ಜಿದ್ದಾದಲ್ಲಿಯೇ ಇದ್ದ. ಜರ್ಮನಿ ಅದ್ದು, ಕಾರಿನ ಬಿಡಿಭಾಗಗಳ ವ್ಯಾಪಾರ.

"ಅದ್ದು ಬ್ಯಾರಿಯಲ್ಲವಾ?" ಎಂದು ರಝಾಕ್ ಸಂಶಯ ತೆಗೆದ.

"ನಡುವೆ ಯಾರೋ ಇಸ್ಲಾಮಿಗೆ ಬಂದಿರ್ತಾರೆ. ಅವನ ಕಣ್ಣು ನೋಡಿದ್ದೀಯಾ? ಬೆಕ್ಕಿನ ಕಣ್ಣು. ಜೆಪ್ಪುವಿನ ನೀರು ಕುಡಿದು ಬರುವ ಕಣ್ಣಾ ಅದು?"

ಬ್ರೆಂಡ್ಲೆ ಹೊರಡುವ ವಾರದ ಶುಕ್ರವಾರ, ಜುಮಾ ಮುಗಿಸಿ ಎಲ್ಲರೂ ಅಂಗಡಿಯಲ್ಲಿ ಸೇರಿದರು. ಫೋನಿನಲ್ಲಿ ಇದಿನಬ್ಬನವರು ಅದ್ದುವಿಗೆ "ದೊಡ್ಡ ವಿಷಯ, ಬಾ" ಎಂದಷ್ಟೇ ಹೇಳಿದ್ದರು. ಜರ್ಮನ್ ಎಂಜಿನಿಯರ್ ಬರುತ್ತಾರೆ ಎಂದು ಬೇರೆಯವರಿಂದ ಕೇಳಿದ್ದ ಅದ್ದು ರೇಡಿಯೇಟರಿನ ಕ್ಯಾಟಲಾಗ್ ಹಿಡಿದುಕೊಂಡು ಬಂದಿದ್ದ. ಬ್ರೆಂಡ್ಲೆ ಎದ್ದುಬಂದವರೇ ಅವನನ್ನು ತಬ್ಬಿಕೊಂಡು, ಬೆನ್ನು ತಟ್ಟಿ, ಕಣ್ಣು ಒರೆಸಿಕೊಂಡರು.

ಅದ್ದು ಕ್ಯಾಟಲಾಗನ್ನು ಎದೆಗೆ ಒತ್ತಿಕೊಂಡು ಮೆಲ್ಲನೆ ಕೇಳಿದ: "ಕಾಕ, ಇವರು ಯಾಕೆ ಅಳುವುದು?"

"ನಿನ್ನ ಮಾಮ ಆಗ್ಬೇಕು. ಫ್ರೀಡಾಳ ತಮ್ಮನ ಮೊಮ್ಮಗ."

"ಫ್ರೀಡಮ್ಮನದ್ದಾ?" ಅದ್ದು ನಕ್ಕುಬಿಟ್ಟ. "ನಮಗೂ ಅವರಿಗೂ ಎಂತ ಸಂಬಂಧ ಕಾಕ? ನನ್ನ ಅಜ್ಜಿಯ ಅಪ್ಪ ಕಾರ್ಖಾನೆಗೆ ದೋಣಿಯಲ್ಲಿ ಜೇಡಿಮಣ್ಣು ತರ್ತಿದ್ದವರು. ಯುದ್ಧ ಆಗಿ ಜರ್ಮನಿಯವರನ್ನು ಹಿಡ್ಕೊಂಡು ಹೋದ ಮೇಲೆ ಮನೆ ನೋಡ್ಕೊಳ್ಳಲಿಕ್ಕೆ ಕೂತರು. ಆಮೇಲೆ ಅಜ್ಜಿ ಅದನ್ನೇ ತೆಗೊಂಡರು. ಮನೆಯ ಹೆಸರು ನಮಗೆ ಅಂಟಿತು, ಅಷ್ಟೇ."

"ಮತ್ತೆ ಫ್ರೀಡಾ? ಅವಳೂ ಗಂಡನೂ ಆ ಮನೆಯಲ್ಲೇ ಇದ್ದರಲ್ಲ?"

"ಎಲ್ಲಿ? ನಿಕಾಹ್ ಆದ ಕೂಡ್ಲೇ ಅವರು ಗಂಡನ ಮನೆಗೆ ಹೋದರಲ್ಲ."

ಇದಿನಬ್ಬನವರು ಸೌಟನ್ನು ಕೆಳಗಿಟ್ಟರು. "ಗಂಡನ ಮನೆಗಾ? ಹೆಣ್ಣು ಹೋಗುವುದಾ?"

"ಅವರಲ್ಲಿ ಹಾಗೇ ಅಂತೆ."

ಗಂಡ ಗದಗದ ಪಕ್ಕದ ಬೆಟಗೇರಿಯವನು, ಶಾಲೆಯ ಮಾಸ್ತರ. ಅಲ್ಲಿಂದ ಫ್ರೀಡಮ್ಮ ದೋಣಿಯವರ ಹೆಂಗಸರಿಗೆ ಸೀರೆ ಕಳಿಸುತ್ತಿದ್ದುದನ್ನು ಅದ್ದುವಿನ ಅಜ್ಜಿ ಹೇಳುತ್ತಿದ್ದರಂತೆ. ರಝಾಕ್ ಈ ಸಲ ಏನನ್ನೂ ಸೇರಿಸದೆ ಅನುವಾದಿಸಿದ. ಬ್ರೆಂಡ್ಲೆ ಅದ್ದುವಿನ ಹೆಗಲ ಮೇಲಿನ ಕೈಯನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಕುಳಿತು ಬೆಟಗೇರಿ ಎಂದು ಬರೆದುಕೊಂಡರು. ಅಲ್ಲಿ ನಿಮಗೆ ಯಾರಾದರೂ ಗೊತ್ತೇ ಎಂದು ಕೇಳಿದರು.

ಚಾರ್ಮಾಡಿ ಘಾಟಿಯ ಆಚೆ ಇದಿನಬ್ಬನವರಿಗೆ ಯಾರೂ ಏನೂ ಆಗಬೇಕಾಗಿರಲಿಲ್ಲ. ಅವರು ಎಲ್ಲರಿಗೂ ಇನ್ನೊಂದು ಚಹಾ ಹಾಕಿಸಿದರು. ಬ್ರೆಂಡ್ಲೆ ಫ್ರೀಡಾಳ ಕೆಳಗೆ ಖಾಲಿ ಜಾಗವಿದ್ದ ಕಾಗದವನ್ನು ಸುತ್ತಿಕೊಂಡು ಊರಿಗೆ ಹೋದರು.

ಎರಡು ತಿಂಗಳಾದ ಮೇಲೆ ರಝಾಕ್‌ನ ಫೋನಿಗೆ ಬ್ರೆಂಡ್ಲೆಯವರಿಂದ ಒಂದು ಫೋಟೋ ಬಂತು. ಬೆಟಗೇರಿಯ ಚರ್ಚಿನವರು ದಾರಿ ಹೇಳಿದ್ದರು. ಹುಬ್ಬಳ್ಳಿಯ ಒಂದು ಮನೆಯ ಜಗಲಿಯಲ್ಲಿ ಫ್ರೀಡಾಳ ಮೊಮ್ಮಗಳು, ನಿವೃತ್ತ ಟೀಚರ್, ಮಕ್ಕಳ ನಡುವೆ ಕುಳಿತಿದ್ದರು. ಬೇಸಗೆಯ ಕೂಟಕ್ಕೆ ಬರುತ್ತೇವೆ ಎಂದಿದ್ದಾರಂತೆ.

"ಅದ್ದುವನ್ನು ಕರೆಸಿದ್ದು ನಾನಲ್ಲವಾ? ಹಾಗಾದರೆ ಹುಡುಕಿಕೊಟ್ಟವನು ಯಾರು?" ಎಂದರು ಇದಿನಬ್ಬ.

"ವಿಮಾನ ಹತ್ತುವ ಮೊದಲು ಅಂತ ಹೇಳಿದ್ದು ಯಾರು ಇದಿನಬ್ಬಾಕ?"

ಬೆಂಚು ರಝಾಕ್‌ನ ಪಕ್ಷ ವಹಿಸಿತು. ಇದಿನಬ್ಬನವರು ಮಾತಿಗೆ ತಪ್ಪುವವರಲ್ಲ. ಹೊಸಬರು ಬಂದರೆ ಸಕ್ಕರೆ ಎಷ್ಟು ಎಂದಷ್ಟೇ ಕೇಳತೊಡಗಿದರು. ಅಕ್ಕಪಕ್ಕ ಕುಳಿತ ಭಾವಮೈದುನರು ಪರಿಚಯವೇ ಇಲ್ಲದೆ ಪರಾಟ ತಿಂದು ಎದ್ದು ಹೋದರು. ಊರಿನಿಂದ ಫೋನ್ ಬಂದರೆ, "ಅಂಗಡಿಯಲ್ಲಿ ರಶ್ ಉಂಟು" ಎಂದು ಇಡುತ್ತಿದ್ದರು. ರಶ್ ಇರಲಿಲ್ಲ. ಸಂಬಂಧ ಇಲ್ಲದ ಚಹಾ ಕುಡಿಯಲು ರಾಬಿಗ್‌ನಲ್ಲಿ ಬೇರೆ ಅಂಗಡಿಗಳೂ ಇದ್ದವು.

ಹೀಗಿರುವಾಗ ರಝಾಕ್‌ನ ಮಗಳು ಹಸೀನಾಳಿಗೆ ಫರಂಗಿಪೇಟೆಯಿಂದ ಸಂಬಂಧವೊಂದು ಬಂತು. ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಇದಿನಬ್ಬಾಕ ಏನು ಹೇಳಿದರು?

ರಝಾಕ್ ಜನ ಇಲ್ಲದ ಹೊತ್ತು ನೋಡಿ ಬಂದ.

"ನಾನು ಹೇಳುವುದಿಲ್ಲ ಅಂದದ್ದಕ್ಕೆ ನೀನೇ ಸಾಕ್ಷಿ," ಎಂದರು ಇದಿನಬ್ಬ, ಲೋಟ ತೊಳೆಯುತ್ತ.

"ಹೇಳ್ಬೇಡಿ ಮಾರಾಯ್ರೇ. ನಾನು ಹೇಳ್ತೇನೆ, ನೀವು ತಲೆ ಅಲ್ಲಾಡಿಸಿ."

ತಲೆ ಅಲ್ಲಾಡಿಸುವುದರ ಬಗ್ಗೆ ತಾನು ಏನನ್ನೂ ಹೇಳಿರಲಿಲ್ಲ ಎಂಬುದನ್ನು ಇದಿನಬ್ಬನವರು ಲೋಟ ತೊಳೆದು ಮುಗಿಯುವವರೆಗೆ ಪರಿಶೀಲಿಸಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕುಳಿತರು. ಹುಡುಗನ ಹೆಸರು ಮುಆಝ್, ತಲೆ ಆಡಿತು. ಅಪ್ಪ ಅಡಿಕೆ ವ್ಯಾಪಾರಿ, ಆಡಿತು. ಜನ ಒಳ್ಳೆಯವರು, ಸ್ವಲ್ಪ ತಡೆದು, ಆಡಿತು.

"ಹುಡುಗನ ತಾಯಿಯ ಮನೆ ಬಂಟ್ವಾಳ," ಎಂದ ರಝಾಕ್.

ತಲೆ ಆಡಲಿಲ್ಲ. ಕುತ್ತಿಗೆಯ ನರ ಮಾತ್ರ ಸ್ವಲ್ಪ ಉಬ್ಬಿತು.

"ಬಂಟ್ವಾಳದ ಪೇಟೆಯಲ್ಲೇ ಅಂತೆ."

"ಯಾವ ಕತ್ತೆ ಹೇಳಿದ್ದು ನಿನಗೆ?" ಇದಿನಬ್ಬನವರು ಎದ್ದು ನಿಂತಿದ್ದರು. "ಪೇಟೆಯಲ್ಲಿ ಇದ್ದದ್ದು ಬಾಡಿಗೆ ಮನೆ. ತಾಯಿಯ ಮನೆ ಪಾಣೆಮಂಗಳೂರು. ಅವಳ ದೊಡ್ಡಮ್ಮನ ಮಗಳನ್ನೇ ನಿನ್ನ ಚಿಕ್ಕಪ್ಪ ಮದುವೆಯಾದದ್ದು. ಕೂತ್ಕೋ, ಮೊದಲಿಂದ ಹೇಳ್ತೇನೆ."

ರಝಾಕ್ ತಾನು ಸಾಕ್ಷಿ ಎಂಬುದನ್ನು ಬದಿಗಿಟ್ಟು ಕುಳಿತುಕೊಂಡ.